ಮನೆ ನೋಡುವ ಮೊದಲು ಸ್ಕೂಲ್ ಝೋನ್ ನೋಡಿ: ನ್ಯೂಯಾರ್ಕ್‌ಗೆ ಹೊರಟ ಬೆಂಗಳೂರಿನವರಿಗೆ

ಹೋದ ವಾರ ಗಿರಿನಗರದಿಂದ ನನ್ನ ಭಾವಮೈದುನ ಫೋನ್ ಮಾಡಿದ್ದ. ಕಂಪನಿಯವರು ನ್ಯೂಯಾರ್ಕ್‌ಗೆ ಕಳಿಸುತ್ತಿದ್ದಾರಂತೆ. ಅವನ ಮೊದಲ ಪ್ರಶ್ನೆ, "ಭಾವ, ಅಲ್ಲಿ ಸ್ಕೂಲಿಗೆ ಡೊನೇಷನ್ ಎಷ್ಟು ಕೊಡ್ಬೇಕು?" ನಗು ಬಂತು. ಹತ್ತು ವರ್ಷದ ಹಿಂದೆ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗಕ್ಕೆ ಹೊರಟಾಗ ನಾನೂ ಇದನ್ನೇ ಕೇಳಿದ್ದೆ.

ಡೊನೇಷನ್ ಇಲ್ಲ. ಫೀಸೂ ಇಲ್ಲ. ನಮ್ಮೂರಲ್ಲಿ ಬೋರ್ಡಿನ ಮೇಲೆ 'ಪಬ್ಲಿಕ್ ಸ್ಕೂಲ್' ಅಂತ ಇದ್ದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಅಲ್ಲಿ ಅದು ಅಪ್ಪಟ ಸರ್ಕಾರಿ ಶಾಲೆ. ಹೆಸರಿಗೆ ಪಿ.ಎಸ್. ಅಂತ ಹಾಕಿ ಮುಂದೆ ಒಂದು ನಂಬರ್. ಇಡೀ ನಗರಕ್ಕೆ 32 ಸ್ಕೂಲ್ ಡಿಸ್ಟ್ರಿಕ್ಟ್, ಸುಮಾರು 9 ಲಕ್ಷ ಮಕ್ಕಳು. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಸರ್ಕಾರಿ ಶಾಲಾ ವ್ಯವಸ್ಥೆ ಇನ್ನೊಂದಿಲ್ಲ. 2017ರಿಂದ ಮಧ್ಯಾಹ್ನದ ಊಟವೂ ಎಲ್ಲರಿಗೂ ಉಚಿತ. ವೀಸಾ ಇಲ್ಲದ ಮಕ್ಕಳನ್ನೂ ಶಾಲೆಯಿಂದ ಹೊರಗಿಡುವ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ.

ಹಾಗಾದರೆ ಕಷ್ಟ ಏನು? ವಿಳಾಸ.

ಇಲ್ಲಿ ನಾವು ಬನಶಂಕರಿಯಲ್ಲಿದ್ದುಕೊಂಡು ಮಗುವನ್ನು ವ್ಯಾನ್ ಹತ್ತಿಸಿ ಎಲ್ಲಿಗಾದರೂ ಕಳಿಸುತ್ತೇವೆ. ಅಲ್ಲಿ ಹೆಚ್ಚಿನ ಕಡೆ ಪ್ರೈಮರಿ ಶಾಲೆಗಳಿಗೆ ಝೋನ್ ಇರುತ್ತದೆ. ನಿಮ್ಮ ಮನೆ ಯಾವ ಬೀದಿಯಲ್ಲಿದೆಯೋ ಅದರ ಮೇಲೆ ಶಾಲೆ. ರಸ್ತೆ ದಾಟಿದರೆ ಬೇರೆ ಶಾಲೆ. ನಾವು ಆಗಸ್ಟ್ ಕೊನೆಗೆ ಹೋಗಿ ಕ್ವೀನ್ಸ್‌ನ ಎಲ್ಮ್‌ಹರ್ಸ್ಟ್ ಬಡಾವಣೆಯಲ್ಲಿ ಸ್ನೇಹಿತನ ಮನೆಯ ಒಂದು ರೂಮಿನಲ್ಲಿ ಇಳಿದುಕೊಂಡೆವು. ಶಾಲೆ ಕಿಟಕಿಯಿಂದಲೇ ಕಾಣುತ್ತಿತ್ತು. ಆಫೀಸಿನಲ್ಲಿದ್ದ ಹೆಂಗಸು ಕೇಳಿದ್ದು ವಿಳಾಸಕ್ಕೆ ಎರಡು ದಾಖಲೆ. ನನ್ನ ಹತ್ತಿರ ಒಂದೂ ಇಲ್ಲ. ಬಾಡಿಗೆ ಕರಾರು, ಗ್ಯಾಸ್ ಬಿಲ್ಲು ಎಲ್ಲ ಸ್ನೇಹಿತನ ಹೆಸರಲ್ಲಿ. ಕೊನೆಗೆ ಅವನು 'ಇವರು ನಮ್ಮ ಮನೆಯಲ್ಲೇ ಇದ್ದಾರೆ' ಅಂತ ಅಫಿಡವಿಟ್ ಬರೆದುಕೊಟ್ಟ. ಅದನ್ನು ಹಿಡಿದು ಹೋದರೆ ಸೀಟು ಭರ್ತಿ! ಮಗಳಿಗೆ ಸಿಕ್ಕಿದ್ದು ಹನ್ನೆರಡು ಬ್ಲಾಕ್, ಅಂದರೆ ಹನ್ನೆರಡು ಅಡ್ಡರಸ್ತೆ ಆಚೆಯ ಶಾಲೆ. ಜನವರಿಯ ಹಿಮದಲ್ಲಿ ಹನ್ನೆರಡು ಬ್ಲಾಕ್ ಅಂದರೆ ಸುಮ್ನೆ ಅಲ್ಲ.

ಎಲ್ಮ್‌ಹರ್ಸ್ಟ್, ಕರೋನಾ (ರೋಗವಲ್ಲ, ಅದೂ ಒಂದು ಬಡಾವಣೆ) ಇರುವ 24ನೇ ಡಿಸ್ಟ್ರಿಕ್ಟ್‌ನಲ್ಲಿ ವರ್ಷಗಳಿಂದ ಇದೇ ಗೋಳು. ವಿಚಿತ್ರ ಅಂದರೆ ಇಡೀ ನಗರದ ಲೆಕ್ಕದಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಕೋವಿಡ್‌ಗೆ ಮುಂಚೆ 10 ಲಕ್ಷಕ್ಕೂ ಜಾಸ್ತಿ ಇದ್ದರು. ಒಂದು ಕಡೆ ಖಾಲಿ ಬೆಂಚು, ಇನ್ನೊಂದು ಕಡೆ ನೂಕುನುಗ್ಗಲು. ಇದರ ಮೇಲೆ 2022ರ ರಾಜ್ಯ ಕಾನೂನು ಬಂತು: ಮೂರನೇ ಕ್ಲಾಸಿನವರೆಗೆ ಒಂದು ತರಗತಿಯಲ್ಲಿ 20 ಮಕ್ಕಳು, ಎಂಟರವರೆಗೆ 23, ಹೈಸ್ಕೂಲಿನಲ್ಲಿ 25. ಅದಕ್ಕಿಂತ ಹೆಚ್ಚು ಕೂರಿಸುವಂತಿಲ್ಲ. 2028ರೊಳಗೆ ಎಲ್ಲ ಕಡೆ ಹೀಗಾಗಬೇಕು. ಕೇಳಲು ಚೆಂದ. ಆದರೆ ಅದಕ್ಕೆ ಸಾವಿರಾರು ಹೊಸ ಟೀಚರ್ ಬೇಕು, ಕೊಠಡಿ ಬೇಕು. ತುಂಬಿದ ಶಾಲೆಯಲ್ಲಿ ಸೀಟು ಇಳಿದರೆ ತಡವಾಗಿ ಬಂದ ನಮ್ಮಂಥವರೇ ದೂರ ಹೋಗಬೇಕಾದೀತು ಅನ್ನುವುದು ನನ್ನ ಅಂದಾಜು.

ಇನ್ನೊಂದು ಮಾತು. ಒಳ್ಳೆಯ ಹೆಸರಿರುವ ಶಾಲೆಯ ಝೋನ್‌ನಲ್ಲಿ ಬಾಡಿಗೆಯೂ ಜಾಸ್ತಿ. ಅಲ್ಲಿನ ಪೋಷಕರ ಸಂಘ ಚಂದಾ ಎತ್ತಿ ಸಂಗೀತಕ್ಕೆ, ಚಿತ್ರಕಲೆಗೆ ಕೊಡುತ್ತದೆ. ಬಡವರ ಕೇರಿಯ ಶಾಲೆಗೆ ಆ ಅನುಕೂಲ ಇಲ್ಲ. ಖಾಯಂ ನೆಲೆಯಿಲ್ಲದ ಮಕ್ಕಳೇ ಈ ಶಾಲೆಗಳಲ್ಲಿ ಒಂದು ಲಕ್ಷದ ಮೇಲಿದ್ದಾರೆ. ನಿಮ್ಮ ಮಗುವಿನ ಪಕ್ಕ ಕೂರುವ ಹುಡುಗ ರಾತ್ರಿ ಮಲಗುವುದು ನಗರದ ಶೆಲ್ಟರ್‌ನಲ್ಲಿ ಇರಬಹುದು. ಫೀಸಿಲ್ಲ ಅಂದಮಾತ್ರಕ್ಕೆ ಎಲ್ಲರಿಗೂ ಒಂದೇ ಶಾಲೆ ಅಂದುಕೊಳ್ಳಬೇಡಿ.

ಇಲ್ಲಿಂದ ಹೊರಡುವ ಮೊದಲು ಲಸಿಕೆ ಕಾರ್ಡ್ ತೆಗೆದು ನೋಡಿ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವುದು ಎಂ.ಆರ್., ಅಂದರೆ ದಡಾರ ಮತ್ತು ರುಬೆಲ್ಲಾ ಲಸಿಕೆ. ಅಲ್ಲಿ ಎಂ.ಎಂ.ಆರ್. ಬೇಕು, ಅಂದರೆ ಮಂಗನಬಾವಿನದೂ ಸೇರಿರಬೇಕು. ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸ್ ಲಸಿಕೆಯೂ ಕಡ್ಡಾಯ. ಅದು ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲ. ಬಡಾವಣೆಯ ಮಕ್ಕಳ ಡಾಕ್ಟರ ಹತ್ತಿರ ಇಲ್ಲೇ ಹಾಕಿಸಿ, ಕಾರ್ಡಿನಲ್ಲಿ ತಾರೀಖು ಬರೆಸಿ, ಸೀಲು ಹಾಕಿಸಿಕೊಳ್ಳಿ.

ಕ್ಲಾಸು ನಿರ್ಧಾರವಾಗುವುದು ಹುಟ್ಟಿದ ಇಸವಿಯ ಮೇಲೆ. 2019ರ ನವೆಂಬರ್‌ನಲ್ಲಿ ಹುಟ್ಟಿದ ಮಗು ಕರ್ನಾಟಕದ ನಿಯಮದಂತೆ 2026ರ ಜೂನ್‌ನಲ್ಲಿ ಒಂದನೇ ಕ್ಲಾಸು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಹೋದರೆ ಎರಡನೇ ಕ್ಲಾಸು! ಗಾಬರಿಯಾಗಬೇಡಿ. ಆದರೆ ಓದುವುದನ್ನು ಸ್ವಲ್ಪ ಮೊದಲೇ ರೂಢಿ ಮಾಡಿಸಿ.

ಸೇರಿಸುವಾಗ 'ಮನೆಯಲ್ಲಿ ಯಾವ ಭಾಷೆ' ಅಂತ ಒಂದು ಫಾರ್ಮ್ ಕೊಡುತ್ತಾರೆ. ನಮ್ಮವರು ಹೆದರಿ ಇಂಗ್ಲಿಷ್ ಅಂತ ಬರೆಯುತ್ತಾರೆ. ಕನ್ನಡ ಅಂತಲೇ ಬರೆಯಿರಿ. ಅಗತ್ಯ ಕಂಡರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ಕಡಿಮೆ ಬಂದರೆ ಹೆಚ್ಚಿನ ಪಾಠ ಸಿಗುತ್ತದೆ, ಅಷ್ಟೇ. ಅದೂ ಪುಕ್ಕಟೆ. ಶಾಲೆಯ ಪತ್ರಗಳು ಬಂಗಾಳಿ, ಉರ್ದುವಿನಲ್ಲಿ ಬರುತ್ತವೆ, ಕನ್ನಡದಲ್ಲಿ ಬರುವುದಿಲ್ಲ. ಆದರೆ ಫೋನಿನಲ್ಲಿ ದುಭಾಷಿ ಬೇಕು ಅಂತ ಕೇಳಬಹುದು. ಅಜ್ಜಿ ತಾತ ಮಗುವನ್ನು ನೋಡಿಕೊಳ್ಳುವ ಮನೆಗಳಿಗೆ ಇದು ಉಪಯೋಗ.

ದೊಡ್ಡ ಮಕ್ಕಳಿದ್ದರೆ ಎಂಟನೇ ಕ್ಲಾಸನ್ನು ನೆನಪಿಡಿ. ಹೈಸ್ಕೂಲಿಗೆ ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಥರ ಶಾಲೆಗಳನ್ನು ಸಾಲಾಗಿ ಹಾಕಬೇಕು. ರ‍್ಯಾಂಕ್ ಬದಲು ಹೆಚ್ಚಿನ ಕಡೆ ಲಾಟರಿ ನಂಬರ್ ಕೆಲಸ ಮಾಡುತ್ತದೆ. ಈ ಹೊಂದಾಣಿಕೆ ಪದ್ಧತಿ ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್‌ಗೆ 2012ರಲ್ಲಿ ನೊಬೆಲ್ ಬಂತು. ಲೆಕ್ಕಾಚಾರ ಹಾಕಿ ಕ್ರಮ ತಿರುಚಬೇಡಿ, ನಿಜವಾಗಿ ಇಷ್ಟವಾದದ್ದನ್ನೇ ಮೊದಲು ಹಾಕಿ. ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್‌ನಂಥ ಹೆಸರಾಂತ ಸರ್ಕಾರಿ ಹೈಸ್ಕೂಲುಗಳಿಗೆ ಮಾತ್ರ ಪ್ರತ್ಯೇಕ ಪರೀಕ್ಷೆ. ಅಂಥ ಎಂಟು ಶಾಲೆಗಳಿಗೆ ಸುಮಾರು 25 ಸಾವಿರ ಮಕ್ಕಳು ಬರೆಯುತ್ತಾರೆ, ಸುಮಾರು 4 ಸಾವಿರ ಮಂದಿಗೆ ಸಿಗುತ್ತದೆ. ಟ್ಯೂಷನ್ ಹಾವಳಿ ಅಲ್ಲೂ ಇದೆ, ಜಯನಗರವನ್ನೇ ಮೀರಿಸುತ್ತದೆ.

ನಿನ್ನೆ ರಾತ್ರಿ ಭಾವಮೈದುನ ಎರಡು ಮನೆಯ ಫೋಟೋ ಕಳಿಸಿದ್ದ. ಅಡುಗೆಮನೆ ದೊಡ್ಡದಾಗಿದೆ ಅಂತ ಖುಷಿ. ಫೋಟೋ ಬೇಡ ಕಣೋ, ಬೀದಿ ಹೆಸರು, ಮನೆ ನಂಬರ್ ಕಳಿಸು ಅಂದೆ. ಇನ್ನೂ ಕಳಿಸಿಲ್ಲ.