ಪಿಯುಸಿ ಮುಗಿಸಿ ಬಿಎಸ್ಸಿಗೆ ಸೇರುವವರಿಗೆ ಇನ್‌ಸ್ಪೈರ್: ಅರ್ಜಿ ಎಲ್ಲಿ ಎಡವುತ್ತದೆ

ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ನೂರಕ್ಕೆ ನೂರು ತೆಗೆದವರಿಗೂ ವಿದ್ಯಾರ್ಥಿವೇತನ ಕೈತಪ್ಪುವುದುಂಟು. ಅಂಥ ಕಡೆ ತೊಡಕಾಗುವುದು ಅಂಕವಲ್ಲ. ಯಾವ ಕೋರ್ಸಿಗೆ ಸೇರಿದರು, ಯಾವ ಕಾಗದಕ್ಕೆ ಯಾರ ಸಹಿ ಹಾಕಿಸಿದರು ಎಂಬುದು. ಆದ್ದರಿಂದ ಅರ್ಜಿ ಕರೆಯುವವರೆಗೆ ಕಾಯಬೇಡಿ. ಪದವಿಗೆ ಸೀಟು ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್‌ಸ್ಪೈರ್-ಶೀ (ಸ್ಕಾಲರ್‌ಶಿಪ್ ಫಾರ್ ಹೈಯರ್ ಎಜುಕೇಷನ್) ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವಿದ್ಯಾರ್ಥಿವೇತನ ಯೋಜನೆ. ಮೊತ್ತ ವರ್ಷಕ್ಕೆ 80,000 ರೂಪಾಯಿ. ಇದರಲ್ಲಿ ತಿಂಗಳಿಗೆ 5,000ದಂತೆ 60,000 ವಿದ್ಯಾರ್ಥಿಗೆ, ಉಳಿದ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಬಿಎಸ್ಸಿಯಿಂದ ಎಂಎಸ್ಸಿವರೆಗೆ ಗರಿಷ್ಠ 5 ವರ್ಷ ಸಿಗುತ್ತದೆ. ಅಪ್ಪ-ಅಮ್ಮನ ಆದಾಯಕ್ಕೆ ಮಿತಿ ಇಲ್ಲ. ಹಾಗಾಗಿ ನೌಕರಸ್ಥರ ಮಕ್ಕಳು ‘ನಮಗೆಲ್ಲಿ ಸಿಗುತ್ತೆ’ ಎಂದು ಸುಮ್ಮನಾಗಬೇಕಿಲ್ಲ.

ಯಾರು ಅರ್ಹರು?

ದಾರಿ ಮುಖ್ಯವಾಗಿ ಎರಡು. ಒಂದು, ನಿಮ್ಮ ಬೋರ್ಡಿನ ದ್ವಿತೀಯ ಪಿಯುಸಿ ಅಥವಾ 12ನೇ ತರಗತಿ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬರುವುದು. ಇನ್ನೊಂದು, ಜೆಇಇ ಅಥವಾ ನೀಟ್‌ನಲ್ಲಿ ಮೊದಲ 10,000 ರ‍್ಯಾಂಕಿನೊಳಗಿದ್ದೂ ಮೂಲ ವಿಜ್ಞಾನವನ್ನೇ ಆರಿಸುವುದು. ವಯಸ್ಸು 17ರಿಂದ 22ರೊಳಗೆ ಇರಬೇಕು, ಪಿಯುಸಿ ಅದೇ ವರ್ಷ ಪಾಸಾಗಿರಬೇಕು. ನೀಟ್‌ಗೆಂದು ಒಂದು ವರ್ಷ ಮನೆಯಲ್ಲಿ ಕೂತು, ಸಿಗದೆ ಬಿಎಸ್ಸಿಗೆ ಬಂದವರಿಗೆ ಈ ಬಾಗಿಲು ಮುಚ್ಚಿದ ಹಾಗೆಯೇ. ಪ್ರಥಮ ವರ್ಷದಲ್ಲಿ ಅರ್ಜಿ ಹಾಕದೆ ಎರಡನೇ ವರ್ಷದಲ್ಲಿ ಕೇಳಿದರೂ ಅಷ್ಟೆ.

ಶೇ 1ರ ಕಟ್‌ಆಫ್ ಬೋರ್ಡಿನಿಂದ ಬೋರ್ಡಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ಸಿಬಿಎಸ್‌ಇಯ ಅಂಕಿ ನೋಡಿ ರಾಜ್ಯ ಬೋರ್ಡಿನವರು ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ಹಿಂದಿನ ವರ್ಷದ ಕಟ್‌ಆಫ್ ಹತ್ತಿರ ಇದ್ದರೆ ಅರ್ಜಿ ಹಾಕಿಬಿಡಿ.

ವಿದ್ಯಾರ್ಥಿವೇತನಗಳ ಹಳೆಯ ಪಟ್ಟಿಗಳಲ್ಲಿ ಕೆವಿಪಿವೈ (ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನಾ) ಹೆಸರು ಇನ್ನೂ ಕಾಣುತ್ತದೆ. 1999ರಲ್ಲಿ ಶುರುವಾಗಿ, ಬೆಂಗಳೂರಿನ ಐಐಎಸ್‌ಸಿ ನಡೆಸುತ್ತಿದ್ದ ಆ ಯೋಜನೆಯನ್ನು 2022ರಲ್ಲಿ ಇನ್‌ಸ್ಪೈರ್‌ಗೆ ಸೇರಿಸಲಾಯಿತು. ಆ ಪರೀಕ್ಷೆ ಈಗಿಲ್ಲ. ಅದರ ಹೆಸರಲ್ಲಿ ಯಾರಾದರೂ ಕೋಚಿಂಗ್ ಫೀಸು ಕೇಳಿದರೆ ಎದ್ದು ಬನ್ನಿ.

ಕಾಂಬಿನೇಷನ್ ಆರಿಸುವಾಗ

ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ಯೋಜನೆ ಒಪ್ಪುವುದು ಪಟ್ಟಿಯಲ್ಲಿರುವ 18 ವಿಷಯಗಳನ್ನು ಮಾತ್ರ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಸಂಖ್ಯಾಶಾಸ್ತ್ರ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ, ಜೀವರಸಾಯನ, ಸೂಕ್ಷ್ಮಜೀವಿವಿಜ್ಞಾನ, ಭೂವಿಜ್ಞಾನ, ಎಲೆಕ್ಟ್ರಾನಿಕ್ಸ್, ಖಗೋಳವಿಜ್ಞಾನ ಇತ್ಯಾದಿ ಅದರಲ್ಲಿವೆ. ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಬಿಸಿಎಗೆ ಜಾಗವಿಲ್ಲ. ಬಯೋಟೆಕ್ನಾಲಜಿ, ಕಂಪ್ಯೂಟರ್ ಸೈನ್ಸ್ ಕೂಡ ಪಟ್ಟಿಯಲ್ಲಿಲ್ಲ. ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿವಿಜ್ಞಾನ) ತೆಗೆದುಕೊಂಡವರಿಗೆ ಚಿಂತೆಯಿಲ್ಲ. ಕಂಪ್ಯೂಟರ್ ಸೈನ್ಸ್ ಸೇರಿರುವ ಪಿಎಂಸಿಎಸ್ ಮೇಲೆ ಮನಸ್ಸಿದ್ದರೆ, ಫೀಸು ಕಟ್ಟುವ ಮೊದಲೇ ಆ ವರ್ಷದ ಮಾರ್ಗಸೂಚಿಯನ್ನು ತೆರೆದು ವಿಷಯಗಳ ಪಟ್ಟಿಯನ್ನು ಒಂದೊಂದಾಗಿ ತಾಳೆ ನೋಡಿ.

ಕಾಗದಪತ್ರ

ಅರ್ಜಿ ಪೂರ್ತಿ ಆನ್‌ಲೈನ್. ಫೋಟೊ, ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ದ್ವಿತೀಯ ಪಿಯುಸಿ ಅಂಕಪಟ್ಟಿ, ರ‍್ಯಾಂಕಿನ ಮೇಲೆ ಕೇಳುತ್ತಿದ್ದರೆ ಅದರ ದಾಖಲೆ, ಜೊತೆಗೆ ಎಂಡಾರ್ಸ್‌ಮೆಂಟ್ ಫಾರಂ, ಅಂದರೆ ಕಾಲೇಜು ದೃಢೀಕರಿಸಿ ಕೊಡುವ ನಮೂನೆ. ಬೋರ್ಡಿನಿಂದ ಅರ್ಹತಾ ಪತ್ರ ಬಂದಿದ್ದರೆ ಅದನ್ನೂ ಸೇರಿಸಿ.

ಎಂಡಾರ್ಸ್‌ಮೆಂಟ್ ಫಾರಂಗೆ ಸಹಿ ಹಾಕಬೇಕಾದವರು ಈಗ ಓದುತ್ತಿರುವ ಪದವಿ ಕಾಲೇಜಿನ ಪ್ರಾಂಶುಪಾಲರು. ಪರಿಚಯದ ಸಲಿಗೆಯಿಂದ ಹಳೆಯ ಪಿಯು ಕಾಲೇಜಿಗೆ ಓಡಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಪೋರ್ಟಲ್‌ನಿಂದ ಇಳಿಸಿಕೊಂಡ ನಮೂನೆಯಲ್ಲೇ ಸಹಿ, ಮೊಹರು ಬೇಕು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿದ ಬೋನಫೈಡ್ ನಡೆಯದು. ಮೊಹರು ಅಕ್ಷರಗಳ ಮೇಲೆ ಬಿದ್ದು ಕೋರ್ಸಿನ ಹೆಸರು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊ ಬೇಡ, ಸ್ಕ್ಯಾನ್ ಮಾಡಿಸಿ.

ಹೆಸರು ಮತ್ತು ಬ್ಯಾಂಕ್ ಖಾತೆ

ನಮ್ಮ ಕಡೆ ಇನಿಷಿಯಲ್ಲಿನದೇ ಒಂದು ರಗಳೆ. ಅಂಕಪಟ್ಟಿಯಲ್ಲಿ ‘ಕಾವ್ಯ ಎಂ’, ಆಧಾರ್‌ನಲ್ಲಿ ‘ಕಾವ್ಯ ಮಂಜುನಾಥ’, ಪಾಸ್‌ಬುಕ್ಕಿನಲ್ಲಿ ‘ಎಂ ಕಾವ್ಯ’: ಊರಿಗೆಲ್ಲ ಒಬ್ಬಳೇ, ಕಂಪ್ಯೂಟರಿಗೆ ಮೂವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಆಧಾರ್ ಮತ್ತು ಬ್ಯಾಂಕಿನ ಹೆಸರನ್ನು ಅದಕ್ಕೆ ಸರಿಪಡಿಸಿ. ಉಲ್ಟಾ ಮಾಡಲು ಹೋದರೆ ಬೋರ್ಡಿಗೆ ಅಲೆದಾಟ.

ಖಾತೆ ವಿದ್ಯಾರ್ಥಿಯ ಹೆಸರಲ್ಲಿರಲಿ, ಅಪ್ಪನ ಜೊತೆ ಜಂಟಿ ಖಾತೆ ಬೇಡ. ಮೈನರ್ ಇದ್ದಾಗ ತೆರೆದ ಖಾತೆಯಾಗಿದ್ದರೆ 18 ತುಂಬಿದ ಕೂಡಲೇ ಹೊಸದಾಗಿ ಕೆವೈಸಿ ಮಾಡಿಸಿ, ಇಲ್ಲದಿದ್ದರೆ ವ್ಯವಹಾರ ನಿಂತುಬಿಡುತ್ತದೆ. ಸರ್ಕಾರದ ಹಣ ಆಧಾರ್ ಮೂಲಕ ಬರುವಾಗ ಇನ್ನೊಂದು ಮಾತು ನೆನಪಿರಲಿ: ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಸೀಡಿಂಗ್, ಅಂದರೆ ಹಣ ಬರಲು ಬೇಕಾದ ಜೋಡಣೆ, ಆಗುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಜೋಡಣೆಯಾಗಿರುತ್ತದೆ, ಕೊನೆಗೆ ಜೋಡಿಸಿದ್ದೇ ಚಾಲ್ತಿ. ಹಾಸ್ಟೆಲ್ ಹತ್ತಿರ ಹೊಸ ಖಾತೆ ತೆರೆದು ಅದಕ್ಕೆ ಸೀಡ್ ಮಾಡಿಸಿದರೆ ಹಣ ಅಲ್ಲಿಗೆ ಹೋಗುತ್ತದೆ, ನೀವು ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಲೇ ಇರುತ್ತೀರಿ. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ತಿಳಿಯುತ್ತದೆ.

ಆಯ್ಕೆಯಾದ ಮೇಲೆ

ಹಣ ತಿಂಗಳ ಸಂಬಳದಂತೆ ಬರುತ್ತದೆ ಎಂದುಕೊಳ್ಳಬೇಡಿ. ದಾಖಲೆ ಪರಿಶೀಲನೆಯಾದ ಮೇಲೆ ಒಟ್ಟಾಗಿ ಬರುತ್ತದೆ, ತಡವಾಗುವುದೇ ರೂಢಿ. ಆದ್ದರಿಂದ ಹಾಸ್ಟೆಲ್ ಫೀಸಿಗೆ ಇದನ್ನೇ ನಂಬಿ ಕೂರಬೇಡಿ. ಪ್ರತಿ ವರ್ಷ ಅಂಕಪಟ್ಟಿ ಅಪ್‌ಲೋಡ್ ಮಾಡಬೇಕು, ಶೇ 60 ಅಥವಾ 6.0 ಸಿಜಿಪಿಎಗಿಂತ ಕೆಳಗಿಳಿದರೆ ಮುಂದುವರಿಯುವುದಿಲ್ಲ.

ಬೇಸಿಗೆ ಪ್ರಾಜೆಕ್ಟ್ 6ರಿಂದ 8 ವಾರದ್ದು. ಸಂಶೋಧನೆಯಲ್ಲಿ ತೊಡಗಿರುವ ಪ್ರಾಧ್ಯಾಪಕರು ಅಥವಾ ವಿಜ್ಞಾನಿಯೊಬ್ಬರು ಮಾರ್ಗದರ್ಶಕರಾಗಿ ಒಪ್ಪಬೇಕು, ಮುಗಿದ ಮೇಲೆ ವರದಿ ಮತ್ತು ಅವರ ಪ್ರಮಾಣಪತ್ರ ಸಲ್ಲಿಸಬೇಕು. ಜನವರಿ, ಫೆಬ್ರುವರಿಯಲ್ಲೇ ಇಮೇಲ್ ಬರೆಯಿರಿ. ಏಪ್ರಿಲ್‌ಗೆ ಲ್ಯಾಬಿನಲ್ಲಿ ಜಾಗ ಉಳಿದಿರುವುದಿಲ್ಲ. ಒಂದೇ ಪತ್ರವನ್ನು ನಲವತ್ತು ಜನಕ್ಕೆ ಕಳಿಸಿದರೆ ಒಬ್ಬರೂ ಉತ್ತರಿಸರು. ಅವರ ಇತ್ತೀಚಿನ ಒಂದು ಪ್ರಬಂಧದ ಹೆಸರು, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಪ್ರಶ್ನೆ, ನೀವು ಬಿಡುವಾಗಿರುವ ದಿನಾಂಕ, ಕಾಲೇಜಿನಲ್ಲಿ ಓದಿರುವ ವಿಷಯಗಳು: ಇಷ್ಟನ್ನು ಬರೆಯಿರಿ. ಹತ್ತು ಸಾಲು ಸಾಕು.

ಇದು ಸಿಗದಿದ್ದರೆ

ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್ ಮೇಲಿದ್ದರೆ (ಅಂದರೆ ಮೇಲಿನ ಶೇ 20ರೊಳಗಿದ್ದರೆ) ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಕೇಂದ್ರೀಯ ವಲಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪದವಿಗೆ ವರ್ಷಕ್ಕೆ 12,000 ರೂಪಾಯಿ. ವಿಜ್ಞಾನ, ವಾಣಿಜ್ಯ, ಕಲೆಗೆ 3:2:1ರ ಅನುಪಾತದಲ್ಲಿ ಹಂಚುವುದರಿಂದ ವಿಜ್ಞಾನದವರಿಗೆ ಪಾಲು ಹೆಚ್ಚು. ಮೊತ್ತ ಚಿಕ್ಕದಾದರೂ ಇನ್‌ಸ್ಪೈರ್ ಫಲಿತಾಂಶಕ್ಕೆ ಕಾಯದೆ ಅರ್ಜಿ ಹಾಕಿ. ಎರಡೂ ಬಂದರೆ ಒಂದನ್ನು ಬಿಟ್ಟುಕೊಡಬೇಕು, ಎರಡನ್ನೂ ಗುಟ್ಟಾಗಿ ಪಡೆದರೆ ಹಣ ವಾಪಸ್ ಕಟ್ಟಬೇಕಾದೀತು.

ಇನ್ನೂ ಪಿಯುಸಿಯಲ್ಲಿರುವವರಿಗೆ ಬೇರೆ ದಾರಿಯೂ ಇದೆ: ವಿದ್ಯಾರ್ಥಿವೇತನ ಸೀಟಿನ ಜೊತೆಗೇ ಬರುವ ಸಂಸ್ಥೆಗಳು. ಮೂಲ ವಿಜ್ಞಾನ ಕಲಿಸುವ ಭುವನೇಶ್ವರದ ನೈಸರ್ ಮತ್ತು ಮುಂಬೈನ ಸಿಇಬಿಎಸ್ ಸಂಸ್ಥೆಗಳಿಗೆ ಅವುಗಳ ಪ್ರವೇಶ ಪರೀಕ್ಷೆ ನೆಸ್ಟ್ ಬರೆದು ಸೇರಿದವರಿಗೆ ಅಣುಶಕ್ತಿ ಇಲಾಖೆಯ ದಿಶಾ ಯೋಜನೆಯಲ್ಲಿ ವರ್ಷಕ್ಕೆ 60,000 ರೂಪಾಯಿ, ಬೇಸಿಗೆ ಇಂಟರ್ನ್‌ಶಿಪ್‌ಗೆ 20,000 ಸಿಗುತ್ತದೆ. ಗಣಿತವೇ ಪ್ರಾಣ ಎನ್ನುವವರು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರದಲ್ಲಿರುವ ಬಿ.ಮ್ಯಾಥ್ ಪ್ರವೇಶ ಪರೀಕ್ಷೆ ಬರೆಯಲಿ. ಅಲ್ಲಿ ಬೋಧನಾ ಶುಲ್ಕವಿಲ್ಲ, ಸ್ಟೈಪೆಂಡ್ ಇದೆ. ಆದರೆ ಸೆಮಿಸ್ಟರ್ ಅಂಕ ಕುಸಿದರೆ ಅದೂ ಕಡಿತವಾಗುತ್ತದೆ.