ದೀಪಾವಳಿಗೆ ಮಾತ್ರ ಅಲ್ಲ, ವರ್ಷವಿಡೀ ಬೆಳಗುವ ಗೂಡುದೀಪ

ದೀಪಾವಳಿ ಮುಗಿದ ಕೂಡ್ಲೆ ಗೂಡುದೀಪ (ಆಕಾಶಬುಟ್ಟಿ) ಅಟ್ಟಕ್ಕೆ ಹೋಗ್ತದೆ. ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆ ನೋಡಿದವರಿಗೆ ಗೊತ್ತುಂಟು, ನಮ್ಮೂರಿನವರ ಕೈಯಲ್ಲಿ ಎಂತೆಂಥ ದೀಪ ಹುಟ್ತದೆ ಅಂತ, ಹಾಗಿರುವಾಗ ಮನೆ ಎದುರಿನ ಸಿಟೌಟಿಗೆ ಅಂಗಡಿಯ ಪ್ಲಾಸ್ಟಿಕ್ ಶೇಡ್ ಯಾಕೆ ಬೇಕು?

ಚೆನ್ನಾಗಿ ಒಣಗಿದ ಬಿದಿರಿನ ಕಡ್ಡಿ 24 ಬೇಕು, ಎಲ್ಲವೂ ಸರಿಯಾಗಿ 20 ಸೆಂ.ಮೀ. ಹಸಿ ಬಿದಿರಾದ್ರೆ ಆಮೇಲೆ ಹುಳ ಕೊರೆದು ಪುಡಿ ಉದುರ್ತದೆ. ನಾಲ್ಕು ನಾಲ್ಕು ಕಡ್ಡಿ ನೂಲಲ್ಲಿ ಕಟ್ಟಿ ಆರು ಚೌಕ ಮಾಡಿ, ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ನೂಲು ಎಳೆದು ಬಿಗಿ ಮಾಡಿ, ಇಲ್ಲದಿದ್ರೆ ಗೂಡು ಓರೆಯಾಗ್ತದೆ. ಈಗ ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ ಕಟ್ತಾ ಹೋಗಿ, ಎಂಟು ತ್ರಿಕೋನ ನೀವು ಮಾಡ್ಬೇಕಂತಿಲ್ಲ, ತಾನಾಗಿ ಹುಟ್ತದೆ! ನನಗೆ ತುಂಬ ಇಷ್ಟದ ಕ್ಷಣ ಅದೇ.

ಇನ್ನು ಕಾಗದ, ಇಡೀ ದೀಪದ ಜೀವ ಇದರಲ್ಲೇ ಉಂಟು. ಗ್ಲಾಸ್ ಪೇಪರ್ ಬೇಡ, ಅದರಲ್ಲಿ ಬಲ್ಬ್ ಹಾಗೇ ಕಾಣ್ತದೆ, ಕಣ್ಣಿಗೆ ಚುಚ್ತದೆ. ಬಟರ್ ಪೇಪರ್ ಬೆಳಕನ್ನು ಚದುರಿಸ್ತದೆ, ಬಲ್ಬ್ ಮರೆಯಾಗಿ ಇಡೀ ಗೂಡೇ ಹೊಳೀತದೆ. ಆದ್ರೆ ಸ್ಟೇಷನರಿ ಅಂಗಡಿಯದ್ದೇ ತನ್ನಿ, ಕೇಕ್ ಮಾಡುವವರ ಸಿಲಿಕಾನ್ ಹಾಕಿದ ಪೇಪರಿಗೆ ಗಮ್ ಹಿಡಿಯುವುದಿಲ್ಲ. ಮೈದಾ ಅಂಟೂ ಬೇಡ, ನಾನು ಹಾಕಿದ್ದಕ್ಕೆ ಮಳೆಗಾಲದಲ್ಲಿ ಬೂಸ್ಟು ಬಂದು ಉಳಿದದ್ದನ್ನು ಜಿರಳೆ ತಿಂದಿತ್ತು, ಬಿಳಿ ಗಮ್ಮೇ ಒಳ್ಳೇದು.

ಚಂದ ಬೇಕಾದ್ರೆ ಅಶ್ವತ್ಥದ ಎಲೆ ಮೂರ್ನಾಲ್ಕು ವಾರ ನೀರಲ್ಲಿ ನೆನೆಸಿ, ನೀರು ಬದಲಿಸ್ತಾ ಇರಿ, ವಾಸನೆ ಬರ್ತದೆ, ಬರಲಿ. ಕೊಳೆತ ಹಸಿರನ್ನು ಮೆತ್ತನೆ ಬ್ರಷ್ಷಲ್ಲಿ ನೀರೊಳಗೇ ಉಜ್ಜಿದ್ರೆ ಬಲೆ ಹಾಗೆ ನರ ಮಾತ್ರ ಉಳೀತದೆ. ಅದನ್ನು ಒಣಗಿಸಿ ಎರಡು ಬಟರ್ ಪೇಪರ್ ನಡುವೆ ಅಂಟಿಸಿ, ಹಗಲು ಏನೂ ಕಾಣುವುದಿಲ್ಲ ಅನ್ನುವಷ್ಟು ಮಸುಕು, ಸ್ವಿಚ್ ಹಾಕಿದ ಕೂಡ್ಲೆ ಒಂದೊಂದೇ ಗೆರೆ ಎದ್ದು ಬರ್ತದೆ.

ಮೇಲಿನ ಚೌಕ, ಕೆಳಗಿನ ಚೌಕ ಎರಡನ್ನೂ ಖಾಲಿ ಬಿಡಿ. ಬಿಸಿ ಮೇಲೆ ಹೋಗ್ತದೆ, ಬೆಳಕು ಕೆಳಗೆ ಚಪ್ಪಲಿ ಹಾಕುವ ಜಾಗಕ್ಕೂ ಬೀಳ್ತದೆ. 5 ವ್ಯಾಟಿನ ವಾರ್ಮ್ ವೈಟ್ ಎಲ್‌ಇಡಿ ಸರಿಯಾಗಿ ನಡುವಲ್ಲಿ ಇಳಿಬಿಡಿ, ಸುತ್ತಲಿನ ಚೌಕಕ್ಕೆ 14 ಸೆಂ.ಮೀ. ಆಸುಪಾಸು ದೂರ ಸಿಗ್ತದೆ. ಹಳೇ ಬಿಸಿಯಾಗುವ ಬಲ್ಬ್ ಯಾವ ಕಾರಣಕ್ಕೂ ಹಾಕ್ಬೇಡಿ. ಜೂನಿನಲ್ಲಿ ಗಾಳಿಮಳೆ ಶುರುವಾದ್ರೆ ಸಿಟೌಟಿಂದ ತೆಗೆದು ಹಾಲ್‌ನಲ್ಲಿ ನೇತು ಹಾಕಿ.