ಮೊದಲ ಕಾಳಗದ ಚಿತ್ರ ಹುಡುಕಿದ ಬಗೆ: ನನ್ನ ಅನುಭವ

ಮೊದಲ ಮಹಾಯುದ್ಧದಲ್ಲಿ, 1914ರ ಅಕ್ಟೋಬರ್ ಕೊನೆಯಲ್ಲಿ, ಬೆಲ್ಜಿಯಂನ ಈಪ್ರ್ ಪಟ್ಟಣದ ದಕ್ಷಿಣಕ್ಕೆ, ಭಾರತೀಯ ಪದಾತಿದಳಗಳು ಜರ್ಮನ್ ಸೇನೆಯನ್ನು ಮೊದಲ ಬಾರಿ ಎದುರಿಸಿದವು. ಲಾಹೋರ್ ಡಿವಿಷನ್ನಿನ 57ನೇ ವೈಲ್ಡ್ಸ್ ರೈಫಲ್ಸ್ ಮತ್ತು 129ನೇ ಬಲೂಚಿ ದಳಗಳು ಅಲ್ಲಿದ್ದವು. ಅಕ್ಟೋಬರ್ 31ರಂದು ಹೊಲೆಬೆಕೆಯಲ್ಲಿ ಗಾಯಗೊಂಡೂ ಮೆಷಿನ್‌ಗನ್ ಬಿಡದೆ ಹೋರಾಡಿದ ಬಲೂಚಿ ದಳದ ಸಿಪಾಯಿ ಖುದಾದಾದ್ ಖಾನ್ ಅವರಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಕೋಲಾರದಲ್ಲಿ ಮಾಜಿ ಸೈನಿಕರ ಕುಟುಂಬಗಳಿಗಾಗಿ ನಾವು ಏರ್ಪಡಿಸಿದ ಚಿತ್ರಪ್ರದರ್ಶನಕ್ಕೆ ಆ ದಿನಗಳದ್ದೇ ಚಿತ್ರ ಬೇಕೆಂದು ನಾನು ಹಟ ಹಿಡಿದೆ.

ಹುಡುಕಹೊರಟವರಿಗೆ ಬೇಗನೆ ಕೈಗೆ ಸಿಗುವುದು ಕಂದಕದಲ್ಲಿ ಮುಖಕ್ಕೆ ಅನಿಲದ ಮುಸುಕು ಕಟ್ಟಿ ನಿಂತ ಭಾರತೀಯ ಸೈನಿಕರ ಚಿತ್ರ. ಆದರೆ ಈಪ್ರ್ ರಣರಂಗದಲ್ಲಿ ಜರ್ಮನ್ನರು ವಿಷಾನಿಲ ಬಿಟ್ಟದ್ದು 1915ರ ಏಪ್ರಿಲ್ 22ರಂದು. ಮುಸುಕು ಕಂಡಿತೆಂದರೆ ಆ ಚಿತ್ರ ಅದಕ್ಕಿಂತ ಹಿಂದಿನದಾಗಿರಲಾರದು. ಅದು 1915ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಫೋಕಿಸಾರ್ ಬಳಿ ಛಾಯಾಗ್ರಾಹಕ ಗರ್ಡ್‌ವುಡ್ ತೆಗೆದದ್ದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗರ್ಡ್‌ವುಡ್ ಭಾರತೀಯ ಪಡೆಗಳ ಚಿತ್ರ ತೆಗೆಯಲು ಫ್ರಾನ್ಸಿಗೆ ಬಂದದ್ದೇ ಆ ವರ್ಷದ ಬೇಸಿಗೆಯಲ್ಲಾದ್ದರಿಂದ ಅವರ ಯಾವ ಚಿತ್ರವೂ ಮೊದಲ ಕಾಳಗದ್ದಲ್ಲ.

ಅವರ ಸಂಗ್ರಹದಲ್ಲಿ ದಾಳಿಯ ಚಿತ್ರಗಳೂ ಇವೆ, ಹಲವು ನಟನೆ ಮಾಡಿಸಿ ತೆಗೆದವು. ಇಂಥವುಗಳನ್ನು ಗುರುತಿಸಲು ಕ್ಯಾಮೆರಾ ಎಲ್ಲಿದೆಯೆಂದು ನೋಡಬೇಕೆಂದು ನನಗೆ ಕಲಿಸಿದವರು ನಮ್ಮೂರಿನ ನಿವೃತ್ತ ಸುಬೇದಾರರೊಬ್ಬರು. ಬಂದೂಕಿನ ನಳಿಕೆಗಳೆಲ್ಲ ನೋಡುವವರ ಕಡೆಗೇ ತಿರುಗಿದ್ದ ಒಂದು ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡುತ್ತ ಅವರು, "ಮೇಷ್ಟ್ರೇ, ಶತ್ರುವಿನ ಕಡೆ ಬೆನ್ನು ಹಾಕ್ಕೊಂಡು ನಿಂತು ಯಾರು ಫೋಟೊ ತೆಗೀತಾರೆ?" ಎಂದರು. ಇಷ್ಟು ನೇರವಾದ ಪರೀಕ್ಷೆ ನನಗೆ ಬೇರೆಲ್ಲೂ ಸಿಗಲಿಲ್ಲ.

ಕೊನೆಗೆ ನಾನು ಆರಿಸಿದ್ದು ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿರುವ, ಈಪ್ರ್‌ನ ದಕ್ಷಿಣಕ್ಕಿರುವ ವಿಟ್‌ಶಾಟೆ ಹಳ್ಳಿಯ ಅಂಚಿನಲ್ಲಿ 129ನೇ ಬಲೂಚಿ ದಳದವರನ್ನು ತೋರಿಸುವ ಚಿತ್ರ. ಅಲ್ಲಿನ ಕಂದಕ ನಮ್ಮ ರಾಗಿ ಹೊಲದ ಬದುವಿನ ಪಕ್ಕ ತೋಡಿದ ಕಾಲುವೆಯಂತಿದೆ. 1915ರ ಚಿತ್ರಗಳಲ್ಲಿ ಕಾಣುವ ಮರಳುಮೂಟೆಯ ಎತ್ತರದ ಗೋಡೆ ಇಲ್ಲ. ತಲೆಯ ಮೇಲೆ ಬರೀ ಮುಂಡಾಸು. ಉಕ್ಕಿನ ಶಿರಸ್ತ್ರಾಣ ಇಲ್ಲದಿರುವುದು ಮಾತ್ರ ಕಾಲವನ್ನು ಹೇಳುವುದಿಲ್ಲ, ಏಕೆಂದರೆ 1915ರ ಕೊನೆಗೆ ಭಾರತೀಯ ಪದಾತಿ ಡಿವಿಷನ್ನುಗಳು ಫ್ರಾನ್ಸ್ ಬಿಟ್ಟು ಮೆಸಪೊಟೇಮಿಯಾಕ್ಕೆ (ಇಂದಿನ ಇರಾಕ್) ಹೊರಡುವವರೆಗೂ ಅದು ಅವರಿಗೆ ಸಿಕ್ಕಿರಲಿಲ್ಲ.

ಚಿತ್ರವನ್ನು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯೂಒ 95 ಸಾಲಿನ ಯುದ್ಧ ದಿನಚರಿಗಳೊಂದಿಗೆ ಹೋಲಿಸುವುದು ಇದಕ್ಕಿಂತ ಶ್ರಮದ ಕೆಲಸ. ಈ ದಳಗಳ ಕಂಪನಿಗಳನ್ನು ಬಿಡಿಬಿಡಿಯಾಗಿ ಬ್ರಿಟಿಷ್ ಅಶ್ವದಳಗಳ ಕೈಗೆ ಒಪ್ಪಿಸಲಾಗಿತ್ತಾದ್ದರಿಂದ, ಯಾವ ಕಂಪನಿ ಯಾವ ದಿನ ಎಲ್ಲಿತ್ತೆಂದು ತಿಳಿಯಲು ಆ ದಳದ ದಿನಚರಿಯೊಂದೇ ಸಾಲದು; ಅಶ್ವದಳಗಳ ದಿನಚರಿಗಳನ್ನೂ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಚಿತ್ರದಡಿ "ಕಾಳಗದಲ್ಲಿ" ಎಂದು ಬರೆಯೋಣವೆಂದು ಬಳಗದ ಕೆಲವರು ಒತ್ತಾಯಿಸಿದರು. ಗುಂಡು ಹಾರುತ್ತಿರುವುದು ಚಿತ್ರದಲ್ಲಿ ಕಾಣದೆ ಹಾಗೆ ಬರೆಯುವುದಕ್ಕೆ ನಾನು ಒಪ್ಪಲಿಲ್ಲ. "129ನೇ ಬಲೂಚಿ ದಳದವರು, ವಿಟ್‌ಶಾಟೆ ಬಳಿಯ ಕಂದಕದಲ್ಲಿ, ಅಕ್ಟೋಬರ್ 1914" ಎಂದು ಬರೆಸಿ, ಮುಸುಕಿನ ಚಿತ್ರವನ್ನೂ ಅದರ ಸರಿಯಾದ ತಿಂಗಳು, ವರ್ಷಗಳೊಂದಿಗೆ ಪಕ್ಕದಲ್ಲೇ ತೂಗುಹಾಕಿಸಿದೆ.